ಭಾಲ್ಕಿಗಿ ಆರು ಸಿಲಿಂಡರ್

ಗ್ಯಾಸ್ ಪ್ಲಾಂಟಿನ ಅಂಗಳದಾಗ ಎಣ್ಣಿ ಕಲೆ ಒಂದೇ ಉಳದದ, ಡ್ರೈವರ ಖಾದರ ಭಾಯ್ ಗಾಡಿ ನಿಲ್ಲಸೋ ಜಾಗಾ, ಹತ್ತಕ್ಕ ಔರಾದಕ್ಕ ಹೋದಾಂವ, ಈಗ ಮೂರೂ ಹತ್ತು, ಅವನ ಫೋನು ಹತ್ತವಲ್ದು, ಹತ್ತ್ ಮಾರಾಯಾ ಹತ್ತು — ಮತ್ತ ಅದೇ ಹೆಣ್ಣಮಗಳ ದನಿ, ನೀವು ಕರೆ ಮಾಡಿದ ಚಂದಾದಾರರು, ಸುಡ್ಲಿ ನಿನ್ನ ಚಂದಾದಾರರನ. ಭಾಲ್ಕಿ ದವಾಖಾನಿ ಕೈಲಾಶ ಏನಂದ, ಅಕ್ಕಾ ಗಾಡಿ ಎಲ್ಲಿ ಅದರಿ, ಆಕ್ಸಿಜನ್ ಸಿಲಿಂಡರ್ ಒಂದೇ ಉಳದದರಿ, ಮೀಟರಿನ ಮುಳ್ಳು ಕೆಂಪಿನಾಗ ಬಂದದರಿ, ಅವನ ಹಿಂದ ಯಾರೋ ನರ್ಸು ಪುತಳಾಬಾಯಿ ಮಾಸ್ಕ್ ತಗೀಬ್ಯಾಡ್ರಿ ಅಂತ ಚೀರ್ತಿದ್ಲು, ಯಾರ ತಾಯೋ ಪುತಳಾಬಾಯಿ, ಮುಖ ನೋಡಿಲ್ಲ ನಾ, ಮುಳ್ಳು ಮಾತ್ರ ಕಾಣ್ತದ, ಕೆಂಪಿನಾಗ ಮುಳ್ಳು. ಬಂತು ತಮ್ಮಾ, ಬಂತು ಬಂತು ಅಂದೆ, ಎಷ್ಟ್ ಸುಳ್ಳ ಹೇಳ್ದಿ ವಿಮಲಾ. ಮುಂಜಾನಿ ಒಂಬತ್ತಕ್ಕ ಅವಾ ಆರು ಬೇಕಂದಾನ, ನಾ ಕಂಪ್ಯೂಟರಿನಾಗ ಭಾಲ್ಕಿ ಹೊಡದೀನಿ, ಆರು ಹೊಡದೀನಿ, ಸೇವ್ ಒತ್ತೀನಿ, ಅಷ್ಟರಾಗ ಔರಾದ ಫೋನು, ಕನ್ಫರ್ಮ್ ಒತ್ತೋದು ಮರತೆ — ಸೇವ್ ಆದ್ರ ಸಾಲದು, ಕನ್ಫರ್ಮ್ ಆದ್ರೇನೇ ಡ್ರೈವರನ ಫೋನಿಗಿ ಹೋಗ್ತದ, ಮ್ಯಾನೇಜರ ಅವಿನಾಶ ಸಾಹೇಬ್ರು ಮೂರ್ ಸಲ ಹೇಳ್ಯಾರ. ನನ್ನ ಕೈ ಮುರೀಲಿ.

ಹದಿನೆಂಟು ವರ್ಷ ಎಲ್ಲಿತ್ತು ಕಂಪ್ಯೂಟರು, ಕಿಡಕಿ ಇತ್ತು, ಖಾದರ ಭಾಯ್ ಭಾಲ್ಕಿಗಿ ಆರು ಅಂತ ಒದರಿದ್ರ ಕೊಳಾರ ಇಂಡಸ್ಟ್ರಿ ಏರಿಯಾ ಪೂರಾ ಕೇಳ್ತಿತ್ತು, ಒಂದಿನಾ ತಪ್ಪಿಲ್ಲ. ವಿಮಲಾಬಾಯಿ, ಇದೇನ್ ಸಂತಿ ಅದ ಏನ್ರಿ, ಇನ್ನ ಸಿಸ್ಟಮಿನಾಗ ಇದ್ರ ಅದ, ಇಲ್ಲಂದ್ರ ಇಲ್ಲ ಅಂದ್ರು ಸಾಹೇಬ್ರು, ಹೊಸಾ ಹುಡಿಗೇರು ಮೇಘಾ, ಮನಿಷಾ ಬಾಯಿಗಿ ಓಢಣಿ ಹಿಡದು ನಕ್ಕರು. ಇವತ್ತ ಗಾಡಿ ಕಿಡಕಿ ಕೆಳಗೇ ಹೋಯ್ತು, ಅರ್ಧಾ ಖಾಲಿ, ಕಂಡಿತ್ತು ನನಗ, ಭಾಲ್ಕಿ ಮಾಲ್ ಎಲ್ಲಿ ಅಂತ ಒದರಲಕ್ಕ ಎದ್ದೆ ಸೈತ, ಮತ್ತ ನಗ್ತಾರ ಇವರು — ಕುಂತೆ. ನಕ್ಕಿದ್ರ ಏನ್ ಗಂಟ್ ಹೋಗ್ತಿತ್ತು ನಂದು, ನಾನೂ ಕಲ್ತೀನಿ ಅಂತ ತೋರಸೋ ಸೊಕ್ಕು, ಬಾಯಿ ಮುಚ್ಕೊಂಡ್ ಕುಂತೆ. ಶಿವಕಾಂತನ ಟೆಂಪೋ ಕಳಸೀನಿ, ಆರೂ ಹೇರಿ, ಈಗ ಗೇಟ್ ದಾಟ್ತು, ನಲವತ್ತು ಕಿಲೋಮೀಟರ್ ಅದ, ಕೈಲಾಶ ಅಂದಿದ್ದು ಉಳದ ಸಿಲಿಂಡರ್ ಅರ್ಧ ತಾಸೇ ಬರ್ತದ ಅಂತ, ಹಾರಿ ಹೋಗೋ ಶಿವಕಾಂತಾ, ತಡಿ ಪುತಳಾಬಾಯಿ ತಡಿಯವ್ವಾ, ಇಳೀಬ್ಯಾಡ ಮುಳ್ಳೇ. ಕನ್ಫರ್ಮ್ ಒತ್ತಿದೆ ಈಗ, ನಿಮ್ಮ ಆರ್ಡರ್ ಸ್ವೀಕರಿಸಲಾಗಿದೆ, ನಾಳೆ ಬೆಳಿಗ್ಗೆ ತಲುಪುತ್ತದೆ, ಧನ್ಯವಾದಗಳು, ಅಯ್ಯ ನಿನ್ನ ಧನ್ಯವಾದಕ್ಕ ಬೆಂಕಿ ಹಚ್ಲಿ. ಮೂರೂವರಿಗಿ ಫೋನು — ಖಾದರ ಭಾಯ್ ಅಲ್ಲ, ಕೈಲಾಶ, ಎತ್ತಲೋ ಬ್ಯಾಡೋ, ಎತ್ತಿದೆ, ಟೆಂಪೋ ಅರ್ಧ ದಾರಿಗಿ ಬಂದದ ತಮ್ಮಾ ಅಂದೆ, ಅವಾ ಮೆಲ್ಲಕ, ಪುತಳಾಬಾಯಿ ಹೋದ್ಲರಿ ಅಕ್ಕಾ, ಆಕ್ಸಿಜನ್ ಬೇಕಾಗಿದ್ದು ಅಕಿಗೊಬ್ಬಾಕಿಗೇರಿ, ಟೆಂಪೋ ವಾಪಸ್ ಕರೀರಿ. ವಾಪಸ್. ಕೈ ತಾನೇ ಮೌಸ್ ಹಿಡದದ, ರದ್ದು ಒತ್ತೇದ, ಕಾರಣ ಆರಿಸಿ ಅಂತದ ಕಂಪ್ಯೂಟರು, ಗ್ರಾಹಕರಿಗೆ ಬೇಡವಾಗಿದೆ, ಬೆಲೆ ಹೆಚ್ಚು, ಇತರೆ — ಯಾವುದು ಒತ್ಲಿ, ಯಾವುದು, ಅಕ್ಷರ ಕಾಣವಲ್ವು, ಮುಳ್ಳು ಕಾಣ್ತದ, ಕೆಂಪ ದಾಟಿ ಸೊನ್ನಿ ಮ್ಯಾಲ ಮುಳ್ಳು, ಸೊನ್ನಿ ಮ್ಯಾಲ, ಮುಳ್ಳು