ದ್ರಾಕ್ಷಿ ಕಡ್ಡಿಯ ಮೂರನೇ ಗೀರು

ನಾನು ಸೈಕಲ್. ಆದರೆ ದೊಡ್ಡ ಕಾರ್ಖಾನೆಯಲ್ಲಿ ಸಾವಿರ ಜನ ಅಣ್ಣತಮ್ಮಂದಿರ ಜೊತೆ ಹುಟ್ಟಿದವನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಫ್ರಾನ್ಸ್ ದೇಶದಲ್ಲಿ ಲಾಟ್ ಎಂಬ ನದಿ ಇದೆ. ಅದರ ದಂಡೆಯ ಸಣ್ಣ ಊರಿನಲ್ಲಿ, ಕಮ್ಮಾರಸಾಲೆಯಷ್ಟೇ ಇದ್ದ ಅಂಗಡಿಯಲ್ಲಿ, ಒಬ್ಬನೇ ಮುದುಕ ಒಂಬತ್ತು ದಿನ ಕೂತು ನನ್ನನ್ನು ಮಾಡಿದ. ಉಕ್ಕಿನ ಕೊಳವೆಗಳನ್ನು ಕಾಯಿಸಿ, ಹಿತ್ತಾಳೆ ಕರಗಿಸಿ ಬೆಸೆದ. ಮಾಗಿದ ಕಪ್ಪು ದ್ರಾಕ್ಷಿಯ ಸಿಪ್ಪೆಯ ಬಣ್ಣ ಬಳಿದ.

ಆ ಮುದುಕ ಟೇಪು ಹಿಡಿದು ಅಳತೆ ತೆಗೆಯುತ್ತಿರಲಿಲ್ಲ. ಅವನ ಗಿರಾಕಿಗಳೆಲ್ಲ ದ್ರಾಕ್ಷಿ ತೋಟದವರು. ಬರುವಾಗ ತಮ್ಮ ತೋಟದ ಬಳ್ಳಿಯ ಒಂದು ಉದ್ದನೆಯ ಒಣ ಕಡ್ಡಿ ತರಬೇಕು. ಮುದುಕ ಅದನ್ನು ಗಿರಾಕಿಯ ಪಕ್ಕದಲ್ಲಿ ನೆಲಕ್ಕೆ ಊರಿ, ಸೊಂಟದ ಎಲುಬಿನ ಮಟ್ಟಕ್ಕೆ ಚಾಕುವಿನಿಂದ ಒಂದು ಗೀರು ಹಾಕುತ್ತಿದ್ದ. ಸೀಟಿನ ಎತ್ತರ ಆ ಗೀರಿನಷ್ಟು. "ಟೇಪು ಊರಿಗೆಲ್ಲ ಒಂದೇ. ಈ ಕಡ್ಡಿ ನಿನ್ನೊಬ್ಬನದು. ಸೈಕಲ್ ಇರುವತನಕ ಜೋಪಾನ ಮಾಡು" ಎನ್ನುತ್ತಿದ್ದ.

ನನ್ನ ಕಡ್ಡಿ ತಂದವನು ಎಮಿಲ್. ಇಪ್ಪತ್ತೆಂಟು ವರ್ಷದ ದ್ರಾಕ್ಷಿ ಬೆಳೆಗಾರ. ಮೂಗಿನ ತುದಿಯಲ್ಲೇ ಸಿಟ್ಟು. ನನಗೂ ಅದು ಅವನಿಂದಲೇ ಅಂಟಿತು ಎಂದು ಕಾಣುತ್ತದೆ.

ವಾರವೆಲ್ಲ ಅವನು ತೋಟದಲ್ಲಿ ಮೈ ಮುರಿಯುತ್ತಿದ್ದ. ಭಾನುವಾರ ಮಾತ್ರ ನನ್ನದು. ಬೆಳಗ್ಗೆ ಚೀಲಕ್ಕೆ ಅರ್ಧ ರೊಟ್ಟಿ, ಒಂದು ಈರುಳ್ಳಿ ಹಾಕಿಕೊಂಡು ಹೊರಟರೆ ಅರವತ್ತು ಎಪ್ಪತ್ತು ಕಿಲೋಮೀಟರ್. ಆ ನದಿ ನೆಟ್ಟಗೆ ಹರಿಯುವುದಿಲ್ಲ. ಗುಡ್ಡ ಕಂಡಲ್ಲೆಲ್ಲ ಬಳಸಿಕೊಂಡು ಹೋಗುತ್ತದೆ. ಒಂದೇ ಚರ್ಚಿನ ಗೋಪುರವನ್ನು ನಾವು ಬೆಳಗ್ಗೆ ಎಡಕ್ಕೆ ನೋಡಿದರೆ ಒಂದು ಗಂಟೆಯ ಮೇಲೆ ಬಲಕ್ಕೆ ನೋಡುತ್ತಿದ್ದೆವು. ದಂಡೆಗುಂಟ ಆಕ್ರೋಟದ ಮರಗಳು, ಮೇಲೆ ಬಿಳಿ ಸುಣ್ಣಕಲ್ಲಿನ ಬಂಡೆ, ನಡುವೆ ಬಾಚಣಿಗೆಯಿಂದ ಬಾಚಿದ ಹಾಗೆ ದ್ರಾಕ್ಷಿ ಸಾಲುಗಳು. ಕೊಯ್ಲಿನ ದಿನಗಳಲ್ಲಿ ಟ್ರ್ಯಾಕ್ಟರುಗಳಿಂದ ರಸ ಸೋರಿ ರಸ್ತೆಯೇ ಅಂಟಂಟು. ಕಣಜಗಳು ನನ್ನ ಟೈರಿನ ಬೆನ್ನು ಹತ್ತುತ್ತಿದ್ದವು. ಎಮಿಲ್ ಬೈಯುತ್ತ ತುಳಿಯುತ್ತಿದ್ದ. ನಾನು ನಗುತ್ತ ಓಡುತ್ತಿದ್ದೆ.

ಅವನದೊಂದು ಹಟ. ಎಂಥ ಏರಿದ್ದರೂ ಇಳಿದು ತಳ್ಳುವಂತಿಲ್ಲ. "ಇಳಿದರೆ ನೀನು ಸೈಕಲ್ಲಲ್ಲ, ತಳ್ಳುಗಾಡಿ" ಎಂದು ನನಗೇ ಗದರುತ್ತಿದ್ದ. ಮೂವತ್ತೆಂಟು ವರ್ಷ ಅವನು ಇಳಿಯಲಿಲ್ಲ.

ಮೂವತ್ತೊಂಬತ್ತನೇ ವರ್ಷ ಇಳಿದ. ಬಲ ಮೊಣಕಾಲು ಹೋಗಿತ್ತು. ಎಷ್ಟೋ ಸಲ ನಕ್ಕು ಹತ್ತಿದ ಏರಿನ ನಡುವೆ ನಿಂತುಬಿಟ್ಟ. ನನ್ನ ಹ್ಯಾಂಡಲ್ ಹಿಡಿದು ಮನೆತನಕ ನಡೆದ. ದಾರಿಯುದ್ದಕ್ಕೂ ಒಂದು ಬೈಗುಳವೂ ಇಲ್ಲ. ನನಗೆ ಹೆದರಿಕೆಯಾಗಿದ್ದು ಆ ಮೌನಕ್ಕೆ.

ಹೆದರಿದ್ದು ಸುಳ್ಳಾಗಲಿಲ್ಲ. ಎಮಿಲ್‌ಗೆ ಹೆಂಡತಿ ಮಕ್ಕಳಿಲ್ಲ. ತಂಗಿಯ ಮಗ ಲೊರಾಂ ವೈನಿನ ನೆಲಮಾಳಿಗೆಯನ್ನು ಪ್ರವಾಸಿಗಳ ಅಂಗಡಿ ಮಾಡಿಕೊಂಡಿದ್ದ. ಒಂದು ದಿನ ನನ್ನ ಸುತ್ತ ಸುತ್ತಿ, "ಮಾವ, ಹೇಗೂ ಮೂಲೆಯಲ್ಲಿ ನಿಂತಿದೆ. ಗೋಡೆಗೆ ನೇತುಹಾಕಿ ಸುತ್ತಲೂ ಪ್ಲಾಸ್ಟಿಕ್ ಗೊಂಚಲು ಕಟ್ಟಿದರೆ ಜನ ಫೋಟೋ ತೆಗೆದುಕೊಳ್ಳುತ್ತಾರೆ" ಎಂದ.

ಪ್ಲಾಸ್ಟಿಕ್ ಗೊಂಚಲು! ನಿಜವಾದ ದ್ರಾಕ್ಷಿಯ ರಸ ಮೆತ್ತಿಕೊಂಡು ಓಡಿದ ನನಗೆ! ಸೈಕಲ್ ತುಕ್ಕು ಹಿಡಿದು ಸಾಯಬಹುದು, ಲಾರಿ ಕೆಳಗೆ ಸಿಕ್ಕಿ ಸಾಯಬಹುದು. ಗೋಡೆಯ ಮೇಲೆ ಚಕ್ರ ಗಾಳಿಯಲ್ಲಿ ಬಿಟ್ಟುಕೊಂಡು ಬದುಕುವುದಿದೆಯಲ್ಲ, ಅದು ಸಾವಿಗಿಂತ ಕಡೆ. ಎಮಿಲ್ ನನ್ನ ಅಳತೆ ಕಡ್ಡಿ ಊರಿಕೊಂಡು ತೋಟಕ್ಕೆ ಹೊರಟುಹೋದ. ಲೊರಾಂ ಮಾರನೇ ದಿನವೇ ಗೋಡೆಗೆ ಎರಡು ಮೊಳೆ ಹೊಡೆದ.

ಆ ಸೆಪ್ಟೆಂಬರಿನಲ್ಲಿ ವಿಜಯಪುರ ಜಿಲ್ಲೆಯಿಂದ ಹನ್ನೆರಡು ಜನ ದ್ರಾಕ್ಷಿ ಬೆಳೆಗಾರರು ತೋಟ ನೋಡಲು ಬಂದರು. ಹನ್ನೊಂದು ಜನ ಗಂಡಸರು. ಒಬ್ಬಳು ಹೆಣ್ಣುಮಗಳು, ತಿಕೋಟಾದ ಬೌರವ್ವ ಹೊನವಾಡ. ನಲವತ್ತರ ಹತ್ತಿರದ ಹೆಂಗಸು, ಕುಳ್ಳಿ, ದನಿ ಮಾತ್ರ ಎತ್ತರ. ಅವರ ಜೊತೆ ದುಭಾಷಿಯಾಗಿ ಇನಾಮದಾರ ಎಂಬ ತೋಟಗಾರಿಕೆ ಮೇಷ್ಟ್ರು. ಎಮಿಲ್ ಅಂಗಳದಲ್ಲಿ ನನ್ನ ಸೀಟಿಗೆ ಕೈಯೂರಿ, ನನ್ನ ಹಳೇ ಅಳತೆ ಕಡ್ಡಿಯಿಂದ ಬಳ್ಳಿಗಳನ್ನು ತೋರಿಸುತ್ತ, ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಬಳ್ಳಿ ಕತ್ತರಿಸುವ ಕ್ರಮ ಹೇಳುತ್ತಿದ್ದ.

"ವರ್ಷಕ್ಕ ಒಮ್ಮೆ ಅಷ್ಟನಾ ಚಾಟಣಿ?" ಎಂದಳು ಬೌರವ್ವ. ಬಳ್ಳಿ ಕತ್ತರಿಸುವುದಕ್ಕೆ ಅವರು ಚಾಟಣಿ ಅನ್ನುತ್ತಾರೆ. "ನಾವು ಎರಡ ಸಲ ಮಾಡ್ತೀವಿ. ಏಪ್ರಿಲ್‌ದಾಗೊಮ್ಮೆ, ಅಕ್ಟೋಬರ್‌ದಾಗೊಮ್ಮೆ."

ಮೇಷ್ಟ್ರು ಅದನ್ನು ಹೇಳಿದ್ದೇ ತಡ, ಎಮಿಲ್ ಕೂಗಿದ: "ಎರಡು ಸಲವೇ? ನೀವು ಬೆಳೆಗಾರರೋ ಕಟುಕರೋ?"

ಇನಾಮದಾರ ಮೇಷ್ಟ್ರು ಕೆಮ್ಮಿದರು. "ಅವರಿಗೆ ಸ್ವಲ್ಪ ಆಶ್ಚರ್ಯ ಆಗೇದ."

"ಆಶ್ಚರ್ಯ ಆದವ್ರ ಮಾರಿ ಹಿಂಗ ಕೆಂಪಾಗಂಗಿಲ್ರೀ ಸರ. ಏನ ಬೈದಾನ, ಖರೆ ಹೇಳ್ರಿ."

"ಕಟುಕರು ಅಂದ್ರವಾ."

"ಹೌದಾ? ಹಂಗಾರ ಅವಗ ಹೇಳ್ರಿ. ನಿಮ್ಮ ಬಳ್ಳಿ ಥಂಡಿಯಾಗ ನಾಕು ತಿಂಗಳ ಹೊಚಗೊಂಡು ಮಲಗತೈತಿ. ನಮ್ಮ ಬಿಸಲಾಗ ಅದಕ್ಕ ನಿದ್ದಿನ ಇಲ್ಲ. ನಾವ ಕತ್ತರಸಿ ಮಲಗಸಬೇಕು, ನಾವ ಕತ್ತರಸಿ ಎಬ್ಬಿಸಬೇಕು. ನಾ ಲಗ್ನ ಆಗಿ ಬಂದ ವರ್ಷ ನಮ್ಮ ಮಾವ ಹಚ್ಚಿದ ಬಳ್ಳಿ ಐತಿ. ಇಪ್ಪತ್ತೊಂದ ವರ್ಷ ಆತು. ಇನ್ನೂ ಗೊನಿ ಬಿಡತೈತಿ."

"ಸುಳ್ಳು! ಹತ್ತು ವರ್ಷಕ್ಕೇ ಸತ್ತಿರಬೇಕು."

"ಸುಳ್ಳ ಅನ್ನಾಂವ ಬಂದು ನೋಡಲಿ!"

ಎಮಿಲ್ ನನ್ನ ಸೀಟಿನ ಮೇಲೆ ಪಟ್ಟನೆ ಹೊಡೆದ. "ಬರುತ್ತೇನೆ. ಬಳ್ಳಿ ಬದುಕಿದ್ದರೆ ಈ ಸೈಕಲ್ ಅವಳದು. ಸತ್ತಿದ್ದರೆ ಅವಳು ಎರಡನೇ ಚಾಟಣಿ ಬಿಡಬೇಕು."

ನನಗೆ ಮೈಯೆಲ್ಲ ಉರಿಯಿತು. ಮೂವತ್ತೆಂಟು ವರ್ಷ ಹೊತ್ತವನನ್ನು ಇಸ್ಪೀಟಿನ ಎಲೆಯ ಹಾಗೆ ಪಣಕ್ಕೆ ಎಸೆದನಲ್ಲ! ಗೆದ್ದರೆ ನನಗೆ ಗೋಡೆ, ಸೋತರೆ ಕಾಣದ ದೇಶ. ನನ್ನನ್ನು ಒಂದು ಮಾತು ಕೇಳಿದವರಿಲ್ಲ.

"ಪಣಕ್ಕಿಟ್ಟ ಕುದುರಿ ಹತ್ತಿ ನೋಡಬೇಕಲ್ಲ" ಎಂದು ಬೌರವ್ವ ಅಲ್ಲೇ ಸೀರೆಯನ್ನು ಕಚ್ಚೆ ಹಾಕಿ ಹತ್ತಿಯೇಬಿಟ್ಟಳು. ಸೀಟಿನ ಮೇಲೆ ಕೂತರೆ ಕಾಲು ಪೆಡಲ್ ಮುಟ್ಟಲಿಲ್ಲ.

"ಬೌರಕ್ಕಾ, ಏಣಿ ತರಸೂನೇನು?" ಎಂದ ಒಬ್ಬ.

"ನಿನ್ನ ಹೆಗಲ ಕೊಡು, ಅದ ಸಾಕು!" ಎಂದು ಅವಳು ಸೀಟು ಬಿಟ್ಟು ಪೆಡಲ್ ಮೇಲೆ ನಿಂತೇ ಅಂಗಳದಲ್ಲಿ ಮೂರು ಸುತ್ತು ಹೊಡೆದಳು. ತೋಳಿನ ಹಿಡಿತ ಗಟ್ಟಿಯಾಗಿತ್ತು. ಅದನ್ನು ಒಪ್ಪಲು ನನಗೆ ಇಷ್ಟವಿರಲಿಲ್ಲ. ಅವಳು ಇಳಿದಾಗ ಎಮಿಲ್ ಹತ್ತಿರ ಬಂದು, ಆ ಹಳೇ ಕಡ್ಡಿಯನ್ನು ಅವಳ ಪಕ್ಕದಲ್ಲೇ ನೆಲಕ್ಕೆ ಕುಕ್ಕಿ ನಿಂತ. ಹೆಬ್ಬೆರಳಿನಿಂದ ಅದನ್ನು ಒತ್ತಿ ಹಿಡಿದಿದ್ದ. ಸಿಟ್ಟಿಗೆ ಕೋಲು ಹಿಚುಕುತ್ತಿದ್ದಾನೆ ಎಂದುಕೊಂಡೆ.

ಫೆಬ್ರವರಿಯಲ್ಲಿ ಎಮಿಲ್ ನನ್ನ ಚಕ್ರ ಬಿಚ್ಚಿ, ಸೀಟು ತಗ್ಗಿಸಿ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿದ. ಪೆಟ್ಟಿಗೆಗೆ ಹಿಡಿಯಲಿ ಎಂದು ತಗ್ಗಿಸಿರಬೇಕು ಅಂತ ನನ್ನ ಲೆಕ್ಕ. ನದಿಯನ್ನು ಕೊನೆಯ ಸಲ ನೋಡಲೂ ಬಿಡಲಿಲ್ಲ.

ಪೆಟ್ಟಿಗೆ ತೆರೆದಾಗ ಕಣ್ಣಿಗೆ ಬಿದ್ದದ್ದು ತಿಕೋಟಾದ ಕಪ್ಪು ನೆಲ ಮತ್ತು ಬಿಸಿಲು. ದೂರದಲ್ಲಿ ಡೋಣಿ ಎಂಬ ಹೊಳೆ, ಅದರ ನೀರು ಉಪ್ಪಂತೆ. ಇದೂ ಒಂದು ನದಿಯೇ ಎಂದು ಮೂಗು ಮುರಿದೆ. ಎಮಿಲ್ ಚಕ್ರ ಜೋಡಿಸಿ, ನನ್ನನ್ನು ಹಿಡಿದು ಕುಂಟುತ್ತ ತೋಟಕ್ಕೆ ನಡೆದ. ಬೌರವ್ವ ಮುಂದೆ, ಇನಾಮದಾರ ಮೇಷ್ಟ್ರು ಹಿಂದೆ.

ಬಳ್ಳಿ ಇತ್ತು. ಬುಡ ಆಳಿನ ತೊಡೆಯಷ್ಟು ದಪ್ಪ. ಪಕ್ಕದ ಕಲ್ಲುಕಂಬದ ಮೇಲೆ ಅವಳ ಮಾವ ಮೊಳೆಯಿಂದ ಕೆತ್ತಿದ ಇಸವಿ. ತಲೆಯ ಮೇಲೆ ಹಸಿರು ಗೊಂಚಲುಗಳು. ಎಮಿಲ್ ಆ ಹಾಳು ಮೊಣಕಾಲು ಮಡಿಸಿ ನೆಲಕ್ಕೆ ಕೂತ. ಒಂದರ ಮೇಲೊಂದು ಕೂತಿದ್ದ ಕತ್ತರಿಯ ಗಾಯಗಳ ಮೇಲೆ ಬೆರಳಾಡಿಸಿದ. ಒಂದು ಹಣ್ಣು ಬಾಯಿಗೆ ಹಾಕಿಕೊಂಡ.

"ಸೋತೆ" ಎಂದ.

ಅಷ್ಟೇ! ಕೂಗಾಟವಿಲ್ಲ, ಬೈಗುಳವಿಲ್ಲ. ಸೋತ ಎಮಿಲ್ ಹೀಗಿರುವುದಿಲ್ಲ. ನನಗೆ ಅನುಮಾನ ಬಂತು.

ಬೌರವ್ವ ಕಚ್ಚೆ ಬಿಗಿದು ನನ್ನ ಮೇಲೆ ಹತ್ತಿದಳು. ಈ ಸಲ ಸೀಟಿನ ಮೇಲೆ ಕೂತಳು. ಪಾದ ಪೆಡಲ್ ಮೇಲೆ ಸರಿಯಾಗಿ ಕೂತಿತು, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವಳು ಗಕ್ಕನೆ ನಿಂತಳು.

"ಸರ, ಸೀಟ ಯಾರ ಇಳಿಸ್ಯಾರ? ಇಲ್ಲಿ ಬಂದ ಮ್ಯಾಲ ಯಾರೂ ಮುಟ್ಟಿಲ್ಲಲ್ಲ?"

ಎಮಿಲ್ ತನ್ನ ಚೀಲಕ್ಕೆ ಕಟ್ಟಿದ್ದ ಆ ಕಡ್ಡಿ ಬಿಚ್ಚಿ ಅವಳ ಕೈಗಿಟ್ಟ. ಅದರ ಮೇಲೆ ಎರಡು ಗೀರುಗಳಿದ್ದವು. ಒಂದು ಎಮಿಲ್‌ನದು. ಇನ್ನೊಂದು ಅದಕ್ಕಿಂತ ನಾಲ್ಕು ಬೆರಳು ಕೆಳಗೆ, ಅಂದು ಅವನ ಹೆಬ್ಬೆರಳು ಒತ್ತಿದ್ದ ಜಾಗದಲ್ಲೇ.

ಬೌರವ್ವ ಕಡ್ಡಿ ನೋಡಿದಳು, ಅವನ ಮುಖ ನೋಡಿದಳು. "ಹಂಗಾರ ಈ ಮುದುಕ ಸೋಲಾಕಂತನ ಅಲ್ಲಿಂದ ಹೊಂಟ ಬಂದಾನ" ಎಂದಳು, ದನಿ ತಗ್ಗಿಸಿ. ಮೇಷ್ಟ್ರು ಅದನ್ನು ಅವನಿಗೆ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ನಾನು ಎಂಥ ಪೆದ್ದ! ತನ್ನ ಕೈಯಾರೆ ನನ್ನನ್ನು ಯಾರಿಗೂ ಕೊಡಲು ಅವನಿಂದ ಆಗುತ್ತಿರಲಿಲ್ಲ. ಗೋಡೆಗೆ ಬಿಡಲೂ ಆಗುತ್ತಿರಲಿಲ್ಲ. ಸೋಲುವುದೊಂದೇ ಅವನಿಗೆ ಉಳಿದಿದ್ದ ದಾರಿ. ಜೀವಮಾನದಲ್ಲಿ ಒಂದು ಮಾತಿಗೂ ಸೋಲದವನು ಅದಕ್ಕಾಗಿ ಸಮುದ್ರ ದಾಟಿ ಬಂದಿದ್ದ. ಹೊರಡುವ ದಿನ ನನ್ನ ಸೀಟಿನ ಮೇಲೆ ಕೈಯಿಟ್ಟು, "ಏರಿನಲ್ಲಿ ಇಳಿಯಬೇಡ ಅಂತ ಅವಳಿಗೆ ಹೇಳಿ" ಎಂದು ಮೇಷ್ಟ್ರಿಗೆ ಹೇಳಿದ. ಅವನನ್ನು ನಾನು ಮತ್ತೆ ನೋಡಲಿಲ್ಲ. ಮೂರು ವರ್ಷದ ಮೇಲೆ, ಎಮಿಲ್ ಇನ್ನಿಲ್ಲ ಎಂದು ಲೊರಾಂ ಬರೆದ ಕಾಗದ ಬಂತು. ಬೌರವ್ವ ಆ ದಿನ ತೋಟಕ್ಕೆ ನನ್ನ ಮೇಲೆ ಕೂತು ಹೋಗಲಿಲ್ಲ, ಪಕ್ಕದಲ್ಲಿ ನಡೆದು ಹೋದಳು.

ನಾನು ಇಲ್ಲಿಗೆ ಬಂದು ಹನ್ನೆರಡು ವರ್ಷ ಆಯಿತು. ಮನೂಕ, ಅಂದರೆ ಒಣದ್ರಾಕ್ಷಿ, ಮಾಡುವ ಶೆಡ್ಡಿನ ಮೂಲೆ ಈಗ ನನ್ನ ಜಾಗ. ಬಣ್ಣ ಮಾಸಿದೆ. ಹಿಂದಿನ ಚಕ್ರ ನಾಲ್ಕು ಸಲ ಬದಲಾಗಿದೆ. ಕಣ್ಣು ಮುಚ್ಚಿದರೆ ಆ ಬಳಸು ನದಿ ಇನ್ನೂ ಕಾಣುತ್ತದೆ. ಆದರೆ ಮಳೆಗಾಲದಲ್ಲಿ ಡೋಣಿ ತುಂಬಿ ಹರಿದಾಗ, ದ್ರಾಕ್ಷಿ ಸಾಲುಗಳ ನಡುವೆ ಕಪ್ಪು ಮಣ್ಣು ಮೆತ್ತಿಕೊಂಡು ಓಡುವಾಗ, ಯಾವುದು ಯಾವ ನದಿ ಎಂದು ಒಂದು ಕ್ಷಣ ಮರೆಯುತ್ತೇನೆ. ಉಪ್ಪು ನೀರೆಂದು ಮೂಗು ಮುರಿದಿದ್ದಕ್ಕೆ ನಾಚಿಕೆಯಾಗುತ್ತದೆ.

ಈಗ ಬೌರವ್ವನ ಮೊಣಕಾಲೂ ನೋಯುತ್ತದೆ. ಕಳೆದ ಯುಗಾದಿ ಹೊತ್ತಿಗೆ ಏರಿನಲ್ಲಿ ಇಳಿದಳು. ಬೈಯಲಿಲ್ಲ. ನನಗೆ ಆ ಮೌನ ಗೊತ್ತು. ಶೆಡ್ಡಿಗೆ ಬಂದೊಡನೆ ಗೋಡೆಯ ಕಡೆ ನೋಡಿದೆ. ಎರಡು ಮೊಳೆಗಳಿರಲಿಲ್ಲ, ಒಂದೇ ಒಂದು ಇತ್ತು. ಅದರಲ್ಲಿ ತೂಗುತ್ತಿದ್ದದ್ದು ಕಡ್ಡಿ.

ನಿನ್ನೆ ಮಧ್ಯಾಹ್ನ, ಮನೂಕ ಆರಿಸಲು ದಿನಾ ನಾಲ್ಕು ಕಿಲೋಮೀಟರ್ ನಡೆದು ಬರುವ ಹುಸೇನಬಿಯನ್ನು ಬೌರವ್ವ ಕೂಗಿದಳು.

"ಏ ಹುಸೇನಬಿ, ಬಾ ಇಲ್ಲಿ. ನೆಟ್ಟಗ ನಿಂದರು."

"ಯಾಕ್ರೀ ಅಕ್ಕಾರ? ಕೋಲ್ಯಾಕ ತಗೊಂಡೀರಿ? ನಾ ಏನ ತಪ್ಪ ಮಾಡೇನಿ?"

"ಸುಮ್ಮ ನಿಂದರು ಅಂದ್ನೆಲ್ಲ!"

ಕಡ್ಡಿಯನ್ನು ಅವಳ ಪಕ್ಕ ನೆಲಕ್ಕೆ ಊರಿದಳು. ಸೊಂಟದ ಮಟ್ಟಕ್ಕೆ ಹೆಬ್ಬೆರಳು ಒತ್ತಿದಳು. ಆಮೇಲೆ ಮಡಿಲಿನಿಂದ ಚಾಕು ತೆಗೆದಳು.