ನಾಲ್ಕನೆಯ ನಡೆಗೆ ಕುದುರೆ

ಇವರು ಫೋನಿನಲ್ಲಿ ಚೆಸ್ ಆಡುವಾಗ ನಾಲ್ಕನೆಯ ನಡೆಗೇ ಕುದುರೆಯನ್ನು ಬಲಿ ಕೊಡುತ್ತಾರೆ. ಬದಲಿಗೆ ಸಿಗುವುದು ಒಂದು ಕಾಲಾಳು, ಅಷ್ಟೇ. ಆಮೇಲೆ ನಡುವಿನ ಕಾಲಾಳುಗಳನ್ನು ನುಗ್ಗಿಸಿ ಎದುರಾಳಿಯ ಕುದುರೆಗಳೆರಡನ್ನೂ ಅಟ್ಟಾಡಿಸುತ್ತಾರೆ. ಎಲ್ಲೋ ಕೂತ, ಮುಖ ಕಾಣದ ಆ ಎದುರಾಳಿ ಗಾಬರಿಬಿದ್ದರೆ ಇವರು ಗೆದ್ದ ಹಾಗೆ. ಹತ್ತಕ್ಕೆ ಏಳು ಸಲ ಹಾಗೇ ಆಗುತ್ತದೆ.

“ಅಪ್ಪ, ಇದು ಸೋಲೋ ಆಟ. ಕಂಪ್ಯೂಟರಿಗೆ ಹಾಕಿ ನೋಡ್ದೆ,” ಎಂದಳು ಮಗಳು, ಮೊನ್ನೆ ಸಂಜೆ.

“ನಿನ್ನ ಕಂಪ್ಯೂಟರ್ ಹೆದರಲ್ಲ ಪುಟ್ಟಿ. ಮನುಷ್ಯರು ಹೆದರ್ತಾರೆ.”

“ಹೆದರದವರು ಸಿಕ್ಕಿದ್ರೆ?”

“ಸಿಕ್ಕಾಗ ನೋಡ್ಕೊಳ್ಳೋಣ. ಆಟ ತಾನೇ, ತಲೆ ಹೋಗುತ್ತಾ?”

ನಾನು ಒಗೆಯುವ ಬಟ್ಟೆ ವಿಂಗಡಿಸುತ್ತಿದ್ದೆ. ಇವರು ಲಿಫ್ಟ್ ಮೆಕ್ಯಾನಿಕ್. ಬಾಗಿಲು ತೆರೆದಿದ್ದರೆ ಲಿಫ್ಟು ಅಲುಗಾಡಬಾರದು. ಬಾಗಿಲ ಸ್ವಿಚ್ಚು ಅದನ್ನು ತಡೆಹಿಡಿದಿರುತ್ತದೆ. ರಿಪೇರಿಯ ಹೊತ್ತಿನಲ್ಲಿ ಆ ತಡೆ ಇವರಿಗೆ ಕಿರಿಕಿರಿ. ಎರಡೂ ತುದಿಗೆ ಕ್ಲಿಪ್ಪಿರುವ ಗೇಣುದ್ದದ ಕೆಂಪು ವೈರು ಸಿಕ್ಕಿಸಿ ಸ್ವಿಚ್ಚಿನ ಕಣ್ಣು ಕಟ್ಟಿಬಿಡುತ್ತಾರೆ; ಆಗ ಬಾಗಿಲು ತೆರೆದಿದ್ದರೂ ಲಿಫ್ಟು ಓಡುತ್ತದೆ. ಹಾಗೆ ಮಾಡುವಾಗ ಜೊತೆಗೊಬ್ಬರು ಇರಬೇಕು, ಎಚ್ಚರಿಕೆಯ ಹಲಗೆ ತೂಗುಹಾಕಬೇಕು ಎಂಬ ನಿಯಮವಿದೆ. ಇವರು ಒಬ್ಬರೇ ಹೋಗುತ್ತಾರೆ. ಕೆಲಸ ಮುಗಿದ ಮೇಲೆ ವೈರು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುವುದು ಇವರದೇ ನಿಯಮ. ಮದುವೆಯಾದ ಹೊಸದರಲ್ಲಿ ಬಟ್ಟೆ ಒಗೆಯುವಾಗ ಆ ಕ್ಲಿಪ್ಪು ನನ್ನ ಬೆರಳು ಕಚ್ಚಿತ್ತು. ಆಗ ಇದನ್ನೆಲ್ಲ ಹೇಳಿದ್ದರು. ಅಂದಿನಿಂದ ದಿನಾ ಸಂಜೆ ಜೇಬು ಮುಟ್ಟಿ ನೋಡುತ್ತೇನೆ. ವೈರು ಸಿಕ್ಕಿದರೆ ಎದೆ ಹಗುರ.

ಮೊನ್ನೆ ಜೇಬಿನಲ್ಲಿ ಬರೀ ಪೆನ್ನಿತ್ತು.

ಪ್ಯಾಂಟು ನೋಡಿದೆ. ಚೀಲ ಕೊಡವಿದೆ.

“ರೀ, ವೈರೆಲ್ಲಿ?”

“ಜೇಬಲ್ಲೇ ಇರುತ್ತೆ, ನೋಡೇ,” ಎಂದರು ತಲೆಯೆತ್ತದೆ. ಆಟ ಯಾಕೋ ಹದ ತಪ್ಪಿತ್ತು. ಎದುರಾಳಿ ಕುದುರೆಯನ್ನು ತಿಂದು, ಅಟ್ಟಿದಾಗ ಸುಮ್ಮನೆ ಹಿಂದೆ ಸರಿದು, ಒಂದೊಂದೇ ಕಾಯಿಯನ್ನು ಸಾವಧಾನವಾಗಿ ಹೊರತರುತ್ತಿದ್ದ.

“ಇಲ್ಲ ಅಂತಿದೀನಿ. ಇವತ್ತು ಎಲ್ಲಿಗೆ ಹೋಗಿದ್ರಿ?”

“ಆ ಆರು ಮಹಡಿದು. ಹಳೇ ಸರಳಿನ ಬಾಗಿಲಿನ…” ಇವರ ಬೆರಳು ಕುದುರೆಯ ಮೇಲೆಯೇ ನಿಂತಿತು.

ಆಟ ಬಿಟ್ಟು ಅಲ್ಲಿನ ವಾಚ್‌ಮನ್‌ಗೆ ಫೋನ್ ಹಚ್ಚಿದರು. ಅವನ ದನಿ ನಮ್ಮ ಮೂವರಿಗೂ ಕೇಳಿಸಿತು.

“ಲಿಫ್ಟಾ ಸಾರ್? ಏನ್ ಕೈಗುಣ ನಿಮ್ದು! ಈಗ ಬಾಗಿಲು ಎಳೆಯೋದಕ್ಕೂ ಕಾಯಲ್ಲ, ಗುಂಡಿ ಒತ್ತಿದ್ರೆ ಹೊರಟೇಬಿಡುತ್ತೆ. ಮಕ್ಕಳಿಗಂತೂ ಮಜಾನೋ ಮಜಾ. ಅದರಲ್ಲೇ ಮೇಲೆ ಕೆಳಗೆ ಆಡ್ತಿದಾವೆ.”

“ಮೇನ್ ಇಳಿಸಯ್ಯಾ! ಮೊದಲು ಮೇನ್ ಇಳಿಸು!”

ಅವನು ಓಡಿದ ಸದ್ದು. ಆಮೇಲೆ ಸದ್ದೇ ಇಲ್ಲ. ಮಗಳು ನನ್ನ ತೋಳು ಹಿಡಿದುಕೊಂಡಳು.

“ಇಳಿಸ್ದೆ ಸಾರ್. ಎರಡು ಮಹಡಿ ಮಧ್ಯ ನಿಂತಿದೆ. ಒಳಗೆ ಇಬ್ಬರು ಮಕ್ಕಳು ಅಳ್ತಿದಾರೆ.”

ದೂರದಿಂದ ಅಳು ಕೇಳಿಸಿತು. ಮಕ್ಕಳ ಅಳು ಕೇಳಿ ನೆಮ್ಮದಿಯ ಉಸಿರುಬಿಟ್ಟದ್ದು ನನ್ನ ಬಾಳಿನಲ್ಲಿ ಅದೇ ಮೊದಲು.

ಇವರು ಓಡಿದರು. ಒಂದು ಗಂಟೆಯ ಮೇಲೆ ವೈರು ಹಿಡಿದುಕೊಂಡೇ ಬಂದರು. ಒಂದು ಮಗುವಿನ ಚಪ್ಪಲಿ ಹೊಸಿಲಿಗೂ ಲಿಫ್ಟಿಗೂ ನಡುವೆ ಸಿಕ್ಕಿ ಎರಡು ತುಂಡಾಗಿತ್ತಂತೆ. ಕಾಲು ಅಷ್ಟರಲ್ಲಿ ಒಳಗಿತ್ತು.

“ಏನೂ ಆಗಿಲ್ವಲ್ಲ, ಬಿಡು,” ಎಂದರು. ನೀರು ಕುಡಿಯುವಾಗ ಲೋಟ ಹಲ್ಲಿಗೆ ಕಟಕಟ ಬಡಿಯುತ್ತಿತ್ತು.

“ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿ ಬಂದ್ಯಾ ಅಪ್ಪ?”

“ಸೂರೆ ಎಲ್ಲೇ ಹೋಯ್ತು?”

ನಾನು ಅಡುಗೆಮನೆಯ ಕತ್ತರಿ ತಂದು ಆ ವೈರನ್ನು ಇವರ ಕಣ್ಣೆದುರೇ ನಾಲ್ಕು ತುಂಡು ಮಾಡಿದೆ. “ಒಳ್ಳೇದಾಯ್ತು,” ಎಂದರು ಮೆಲ್ಲಗೆ. ನಂಬಿದೆ.

ಇವತ್ತು ಮತ್ತೆ ಬಟ್ಟೆಯ ರಾಶಿ. ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದೆ. ಬೆರಳಿಗೆ ಏನೋ ಕಚ್ಚಿತು. ಹೊಸ ವೈರು, ನೀಲಿಯದು. ಕ್ಲಿಪ್ಪುಗಳು ಇನ್ನೂ ಹೊಳೆಯುತ್ತಿವೆ.

ಸಿಕ್ಕಿತಲ್ಲ ಎಂದು ಮೊದಲು ಎದೆ ಹಗುರವಾಯಿತು. ಆಮೇಲೆ ಕತ್ತರಿ ನೆನಪಾಯಿತು.

ಹೊರಗಿನ ಕೋಣೆಯಲ್ಲಿ ಮಗಳು ಕೇಳುತ್ತಿದ್ದಳು: “ಅಪ್ಪ, ಮತ್ತೆ ಕುದುರೆ ಕೊಟ್ಯಾ?”

“ಹತ್ತಕ್ಕೆ ಏಳು ಗೆಲ್ತೀನಲ್ಲೇ,” ಎಂದರು ಇವರು. “ಸಾಲ್ದಾ?”