ನೀರಿಲ್ಲದ ಜಳಕ

ಕುಬಿಹಾಳದ ಶಾಲೆಯಲ್ಲಿ ಭೂಗೋಳ ಕಲಿಸುವ ಗುರವ್ವ ಲಡಾಖಕ್ಕೆ ಹೋಗಿ ಗುಡ್ಡ ಹತ್ತಿ ಡೇರೆಯಲ್ಲಿ ಮಲಗುತ್ತಾಳಂತೆ ಎಂದು ಕೇಳಿ ಊರಿನ ಅರ್ಧ ಜನ ನಕ್ಕರು. ಇನ್ನರ್ಧ ಜನ ಲಡಾಖ ಎಲ್ಲಿದೆ ಎಂದು ತಿಳಿದುಕೊಂಡು ಆಮೇಲೆ ನಕ್ಕರು. ನಗದೆ ಉಳಿದವಳು ತಾಯಿ ಶಾರದವ್ವ ಒಬ್ಬಳೇ. ಆಕೆ ಕೇಳಿದ್ದು ಒಂದೇ ಮಾತು.

"ಅಲ್ಲಿ ಜಳಕಕ್ಕ ನೀರು ಸಿಗತಾವೇನ ಬೇ?"

ಗುರವ್ವನಿಗೆ ಅದು ಗೊತ್ತಿರಲಿಲ್ಲ. ಹುಬ್ಬಳ್ಳಿಯ ಕಾಲೇಜಿನ ಆಟದ ಮಾಸ್ತರ ಹೊಳೆಪ್ಪ ಹಿಂದಿನ ವರ್ಷ ಅಲ್ಲಿಗೆ ಹೋಗಿ ಬಂದು, ಬಿಳಿ ಪರದೆಯ ಮೇಲೆ ಚಿತ್ರ ತೋರಿಸಿದ್ದರು. ಹೆಮಿಸ್ ಎಂಬ ಹೊಸ ರಾಷ್ಟ್ರೀಯ ಉದ್ಯಾನವಂತೆ. ಉದ್ಯಾನವೆಂದರೆ ನೆರಳಿಗೆ ನಾಲ್ಕು ಗಿಡವಾದರೂ ಬೇಡವೇ? ಆ ಚಿತ್ರಗಳಲ್ಲಿ ಇರಲಿಲ್ಲ. ಬೇಸಿಗೆಯಲ್ಲಿ ರಂಟೆ ಹೊಡೆದ ಹೊಲವನ್ನೇ ಎತ್ತಿ ಆಕಾಶಕ್ಕೆ ಆನಿಸಿ ನಿಲ್ಲಿಸಿದಂಥ ಬೋಳು ಗುಡ್ಡಗಳು, ತುದಿಯಲ್ಲಿ ಹಿಮ. 'ಶೀತ ಮರುಭೂಮಿ' ಎಂದು ಗುರವ್ವ ಎಷ್ಟೋ ವರ್ಷ ನಕಾಶೆಗೆ ಕೋಲು ತಟ್ಟಿ ಹೇಳಿದ್ದಳು. ಅದು ನಿಜವಾಗಿಯೂ ಒಂದು ಕಡೆ ಇದೆ ಎಂದು ಅನ್ನಿಸಿದ್ದು ಆ ದಿನವೇ, ಅನ್ನಿಸಿದ ಕೂಡಲೇ ಅವಳಿಗೆ ಅಳು ಬಂತು. ಹೋಗಲೇಬೇಕು ಎಂದುಕೊಂಡಳು. ಮದುವೆ ಒಲ್ಲೆ ಎಂದಾಗಲೂ ಅವಳ ಮನಸ್ಸು ಇಷ್ಟು ಗಟ್ಟಿಯಾಗಿರಲಿಲ್ಲ.

ಆಷಾಢದಲ್ಲಿ ಹೊರಡುವ ತಂಡಕ್ಕೆ ಹೊಳೆಪ್ಪ ಮೊದಲು ಕಲಘಟಗಿಯ ಕಡೆಯ ಗುಡ್ಡದಲ್ಲಿ ತಾಲೀಮು ಇಟ್ಟರು. ಅವರವರ ಹೊರೆ ಅವರವರ ಬೆನ್ನಿಗೆ, ಒಬ್ಬೊಬ್ಬರಿಗೆ ಒಂದೇ ಕ್ಯಾನು ನೀರು. ಡೇರೆಯಲ್ಲಿ ಗುರವ್ವನ ಜೊತೆಗಾತಿ ಕುಂದಗೋಳದ ಉರ್ದು ಶಾಲೆಯ ರಜಿಯಾಬೇಗಂ. ಜಳಕ ಮಾಡಿ ಲಿಂಗಪೂಜೆ ಮುಗಿಸುವ ತನಕ ಗುರವ್ವ ಒಂದು ಗುಟುಕು ನೀರೂ ಮುಟ್ಟುವವಳಲ್ಲ ಎಂಬುದು ಆ ಜೊತೆಗಾತಿಗೂ ಗೊತ್ತಿರಲಿಲ್ಲ, ಹೊಳೆಪ್ಪನವರಿಗೂ ಗೊತ್ತಿರಲಿಲ್ಲ. ಹಾದಿಯಲ್ಲಿ ಹಳ್ಳ ಸಿಕ್ಕೀತು, ಅಲ್ಲೇ ಜಳಕ ಮಾಡಿದರಾಯಿತು ಎಂದು ಬೆಳಿಗ್ಗೆ ಹೊಟ್ಟೆಗೆ ಏನೂ ಇಲ್ಲದೆ ನಡೆಯತೊಡಗಿದಳು. ಹಳ್ಳವೇನೋ ಸಿಕ್ಕಿತು, ಆದರೆ ಅದರಲ್ಲಿ ಬರೀ ಉಸುಕಿತ್ತು. ಬಿಸಿಲೇರಿದಾಗ ಹೊರೆಯ ಸಮೇತ ಕುಸಿದು ಬಿದ್ದಳು. ರಜಿಯಾಬೇಗಂ ಗಾಬರಿಯಾಗಿ ತನ್ನ ಕ್ಯಾನಿನ ನೀರನ್ನು ಅವಳ ಮುಖಕ್ಕೆ ಹೊಡೆದಳು, ತುಟಿಗೂ ಹಿಡಿದಳು. ಗುರವ್ವ ಬಾಯಿ ಬಿಡಲಿಲ್ಲ.

ವಿಷಯ ತಿಳಿದ ಹೊಳೆಪ್ಪ ಬಂಡೆಯ ಮೇಲೆ ಕೂತುಬಿಟ್ಟರು.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಅಲ್ಲಿ ಹೊಳಿ ಅದಾವು, ಇಲ್ಲನ್ನಂಗಿಲ್ಲ. ಆದ್ರ ಘಾಟ ಹತ್ತುವಾಗ ನಾವು ಹೊತ್ತಷ್ಟ ನೀರು. ಹೊಳಿ ನೀರಂದ್ರ ಹಿಮ ಕರಗಿದ್ದು, ನಸುಕಿನ್ಯಾಗ ಮೈಮ್ಯಾಲೆ ಸುರಕೊಂಡ್ರ ನಿಮ್ಮನ್ನ ನಾವು ಹೊತಗೊಂಡು ಇಳೀಬೇಕಾಗತೈತಿ. ಉಪಾಸ ನಡಿಯೋರನ್ನ ನಾ ಕರಕೊಂಡು ಹೋಗಂಗಿಲ್ಲ. ಒಂದ ಪೂಜಿ ಬಿಡ್ರಿ, ಇಲ್ಲಾ ಹಾದಿ ಬಿಡ್ರಿ."

"ಎರಡೂ ಬಿಡಂಗಿಲ್ರಿ," ಎಂದಳು ಗುರವ್ವ. "ಇನ್ನೊಂದ ಸಲ ನೋಡ್ರಿ ನನ್ನ."

"ಇನ್ನೊಂದ ಸಲ ಅಷ್ಟ."

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದಾಗ ಶಾರದವ್ವ, "ಜೀವಂತ ಹೊಳ್ಳಿ ಬಂದೆಲ್ಲ, ಸಾಕ ಬಿಡು," ಎಂದಳು. ಆ ದನಿಯಲ್ಲಿ ದುಃಖಕ್ಕಿಂತ ಸಮಾಧಾನವೇ ಜಾಸ್ತಿ ಇತ್ತು. ಗುರವ್ವನಿಗೆ ಅದು ಕೇಳಿಸಿತು, ಚುಚ್ಚಿತು ಕೂಡ.

ಮರುದಿನ ಅವಳು ಮನೆಯ ಮಾಳಿಗೆಯ ಮೇಲೆ ಡೇರೆ ಹೊಡೆದಳು. ಅಲ್ಲೇ ಮಲಗುವುದು, ಇಡೀ ದಿನಕ್ಕೆ ಒಂದೇ ಕ್ಯಾನು ನೀರು. ಶಾಲೆ ಬಿಟ್ಟ ಮೇಲೆ ಬೆನ್ನುಚೀಲದಲ್ಲಿ ಜೋಳ ತುಂಬಿಕೊಂಡು ಎರೆಹೊಲದ ದಾರಿಯಲ್ಲಿ ನಡಿಗೆ. ಎತ್ತರದಲ್ಲಿ ಅನ್ನ, ಬೇಳೆ ಬೇಗ ಬೇಯುವುದಿಲ್ಲ ಎಂದು ಹೊಳೆಪ್ಪ ಹೇಳಿದ್ದರು. ಅದಕ್ಕೆ ಗುರವ್ವ ಒಣಗಿಸಿಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ ಎಂದು ಗೊತ್ತು ಮಾಡಿದಳು. ಊಟದ ಚಿಂತೆ ಹರಿಯಿತು, ಜಳಕದ್ದು ಹರಿಯಲಿಲ್ಲ. ಒಂದು ತಂಬಿಗೆಯಲ್ಲಿ ಮಾಡಿ ನೋಡಿದಳು, ಅರ್ಧ ತಂಬಿಗೆಯಲ್ಲಿ ನೋಡಿದಳು, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ನೋಡಿದಳು. ಯಾವುದೂ ಜಳಕ ಅನ್ನಿಸಲಿಲ್ಲ. ಜಳಕವಾಗದ ಕೈ ಲಿಂಗ ಮುಟ್ಟಲು ಒಪ್ಪಲಿಲ್ಲ. ಹಾಗೇ ಹಸಿದುಕೊಂಡು ಶಾಲೆಗೆ ಹೋಗುತ್ತಿದ್ದಳು, ಬಂದು ಕೊಡಗಟ್ಟಲೆ ನೀರು ಸುರಿದುಕೊಂಡು ಸೋತ ಮುಖದಲ್ಲಿ ಉಣ್ಣುತ್ತಿದ್ದಳು.

ಬಾಜೂಮನೆಯ ಗೂಳಪ್ಪನಿಗಂತೂ ಹಬ್ಬವಾಗಿತ್ತು. "ಅಕ್ಕೋರ, ಮರುಭೂಮಿ ಅಂದ್ರಿ, ಒಂಟಿ ಎಲ್ಲಿ ಕಟ್ಟೀರಿ?" ಎಂದು ದಿನವೂ ಓಣಿಯಿಂದಲೇ ಕೂಗುತ್ತಿದ್ದ.

"ನೀವ ಬರ್ರಿ ಕಾಕಾ, ಕಟ್ಟತೇನಿ," ಎಂದಳು ಗುರವ್ವ. ಅವತ್ತಿನಿಂದ ಅವನು ಒಂಟೆಯ ಸುದ್ದಿ ಬಿಟ್ಟ.

ಶಾರದವ್ವ ಇದನ್ನೆಲ್ಲ ಕೆಳಗಿನಿಂದ ನೋಡುತ್ತಿದ್ದಳು. ಮಗಳ ಗಲ್ಲ ಇಳಿದಿದ್ದವು, ನಡಿಗೆ ಮಾತ್ರ ನಿಂತಿರಲಿಲ್ಲ. ಒಂದು ಬೆಳಿಗ್ಗೆ ಆಕೆ ಮೊಣಕಾಲು ಹಿಡಿದುಕೊಂಡು, ಉಸ್ಸಪ್ಪಾ ಎನ್ನುತ್ತ ನಿಚ್ಚಣಿಕೆ ಹತ್ತಿ ಮಾಳಿಗೆಗೆ ಬಂದಳು. ಸೆರಗಿನಲ್ಲಿ ವಿಭೂತಿ ಗಟ್ಟಿ ಇತ್ತು, ಆಕೆಯ ಮಾತಿನಲ್ಲಿ ಈಬತ್ತಿ.

"ಕುಂದ್ರು. ಕೈ ಚಾಚು."

ಗುರವ್ವ ಕೂತಳು. ತಾಯಿ ವಿಭೂತಿಯನ್ನು ಅಂಗೈಯಲ್ಲಿ ಪುಡಿ ಮಾಡಿ, ನೆತ್ತಿಯಿಂದ ಹಿಡಿದು ಹಣೆ, ಕೊರಳು, ತೋಳು, ಕಾಲುಗಳಿಗೆ ನಿಧಾನವಾಗಿ ತಿಕ್ಕಿದಳು. ಕೂಸಿಗೆ ಎಣ್ಣೆ ಹಚ್ಚಿದಂತೆ ಒಂದು ಬೆರಳ ಸಂದಿಯನ್ನೂ ಬಿಡಲಿಲ್ಲ.

"ಇದೂ ಜಳಕನ. ನವಲಗುಂದದಾಗ ನಮ್ಮ ತವರಮನಿ ಕೆರಿ ಬತ್ತಿದ ವರ್ಸ ನಮ್ಮವ್ವ ದಿನಾ ಹಿಂಗ ಮಾಡತಿದ್ಲು. ನೀರಿಲ್ಲದಲ್ಲಿ ಈಬತ್ತಿನ ನೀರು ಅಂತ ನಮ್ಮ ಮಠದ ಅಯ್ಯನವರು ಹೇಳಿಕೊಟ್ಟಿದ್ರು. ಲಿಂಗಕ್ಕ ನಾಕ ಹನಿ ಸಾಕು."

ಗುರವ್ವ ಆಕೆಯ ಕೈ ಹಿಡಿದು ನಿಲ್ಲಿಸಿದಳು. "ಯವ್ವಾ, ಇದು ನಿನಗ ಮೊದಲ ಗೊತ್ತಿತ್ತೇನ?"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಹೋಗತಿದ್ದಿ."

ಗುರವ್ವನಿಗೆ ಸಿಟ್ಟು ನೆತ್ತಿಗೇರಿತು. ಗುಡ್ಡದಲ್ಲಿ ಬಿದ್ದದ್ದು, ಇಷ್ಟು ದಿನದ ಹಸಿವು, ಎಲ್ಲ ನೆನಪಾಯಿತು. "ಈಗ್ಯಾಕ ಹೇಳಿದಿ ಮತ್ತ?"

"ಹೇಳದಿದ್ರೂ ಹೋಗತಿ. ಉಪಾಸ ಹೋಗತಿ," ಎಂದಳು ಶಾರದವ್ವ. ಆಕೆಯ ಕಣ್ಣು ತುಂಬಿದ್ದವು. ಗುರವ್ವನ ಸಿಟ್ಟು ಅಲ್ಲಿಗೆ ನಿಂತಿತು. ಅವಳು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಳು. ಈ ಸಲ ಕೈ ಹಿಂಜರಿಯಲಿಲ್ಲ.

ಎರಡನೆಯ ತಾಲೀಮಿನಲ್ಲಿ ಉಳಿದವರು ಇನ್ನೂ ಆಕಳಿಸುವಾಗಲೇ ಅವಳ ಪೂಜೆ ಮುಗಿದಿತ್ತು. ರಜಿಯಾಬೇಗಂ ಜೊತೆ ಕೂತು ರೊಟ್ಟಿ ಮುರಿದು ತಿಂದಳು, ನೀರು ಕುಡಿದಳು, ಹೊರೆ ಬಿಗಿದು ಎಲ್ಲರಿಗಿಂತ ಮೊದಲು ಎದ್ದು ನಿಂತಳು. ಸಂಜೆಯ ಹೊತ್ತಿಗೆ ಹೊಳೆಪ್ಪ ಅವಳ ಹತ್ತಿರ ಬಂದು, "ಅಕ್ಕೋರ, ಎರಡು ಕಂಬಳಿ ತಗೋರಿ. ಅಲ್ಲಿ ಥಂಡಿ ಭಾಳ," ಎಂದರು. ಗುರವ್ವ ಮುಖ ಆ ಕಡೆ ತಿರುಗಿಸಿಕೊಂಡು ಒಬ್ಬಳೇ ನಕ್ಕಳು.

ಮರುದಿನ ಮಧ್ಯಾಹ್ನದ ಬಸ್ಸಿನಿಂದ ಇಳಿದು ಮನೆಗೆ ಬಂದವಳೇ ಬಚ್ಚಲಿಗೆ ಹೋದಳು. ನೀರು ಹಂಡೆಯ ಕಂಠದ ತನಕ ಇತ್ತು, ಆದರೆ ತಣ್ಣಗೆ ಕೊರೆಯುತ್ತಿತ್ತು. ಕೆಳಗಿನ ಒಲೆಯಲ್ಲಿ ಹೊಸ ಬೂದಿಯೇ ಇಲ್ಲ. ಅವಳಿಗೆ ತಿಳಿವಳಿಕೆ ಬಂದಾಗಿನಿಂದ ಆ ಒಲೆ ಒಂದು ದಿನವೂ ಆರಿದ್ದಿಲ್ಲ.

"ಯವ್ವಾ, ಆರಾಮಿಲ್ಲೇನ ನಿನಗ?" ಎಂದು ಗಾಬರಿಯಿಂದ ಹೊರಗೆ ಬಂದಳು.

ಶಾರದವ್ವ ಪಡಸಾಲೆಯಲ್ಲಿ ಕೂತು ಪ್ರಯಾಣದ ಶೇಂಗಾ ಹಸನು ಮಾಡುತ್ತಿದ್ದಳು. ಹಣೆ, ಕೊರಳು, ಮೊಣಕೈ ತನಕ ತೋಳು, ಎಲ್ಲ ಬೆಳ್ಳಗೆ ವಿಭೂತಿ.

"ಆರಾಮ ಇದ್ದೇನಿ. ನನ್ನ ಮಗಳು ಈಬತ್ತಿ ಹಚಗೊಂಡು ಗುಡ್ಡಾ ಹತ್ತುವಾಗ ನಾ ಇಲ್ಲಿ ಬಿಸಿನೀರು ಸುರಕೊಂತ ಕುಂದ್ರಲೇನು? ನೀ ಲಡಾಖಕ್ಕ ಹೋದಾಗೂ ಹಿಂಗ. ನೀ ಹೊಳ್ಳಿ ಬರೂತನಾ ಹಂಡೆಕ್ಕ ಉರಿ ಇಲ್ಲ." ಮೊರದ ಮೇಲಿನಿಂದ ತಲೆ ಎತ್ತದೆ ಇನ್ನೊಂದು ಮಾತು ಸೇರಿಸಿದಳು. "ಇವತ್ತ ಬಂದೀಯಲ್ಲ. ಹೋಗು, ಉರಿ ಹಾಕು. ಇಬ್ಬರೂ ಜಳಕಾ ಮಾಡೂಣು."

ಗುರವ್ವ ಹತ್ತಿಕಟ್ಟಿಗೆ ಮುರಿದು ಒಲೆಗೆ ತುಂಬಿ ಕಡ್ಡಿ ಗೀರಿದಳು.